ಕುಡಿತ ಬಿಡಿಸುವ ಭಾರ ಹೆಂಡತಿಯದಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಸಭೆ ಶುರುವಾಗುವ ಮೊದಲು ಒಬ್ಬ ತಂಗಿ ನನ್ನ ಪಕ್ಕ ಬಂದು ಕೂತಳು. ಅವಳ ಗಂಡ ಆಸ್ಪತ್ರೆ ಸೇರಿ ಕುಡಿತ ಬಿಟ್ಟು ಬಂದಿದ್ದನಂತೆ. ನಾಲ್ಕು ತಿಂಗಳಾದ ಮೇಲೆ ಮತ್ತೆ ಕುಡಿದ. ಅತ್ತೆ ಹೇಳಿದರಂತೆ: "ನೀನು ಸರಿಯಾಗಿ ನೋಡಿಕೊಂಡಿದ್ದರೆ ಅವನ್ಯಾಕೆ ಮತ್ತೆ ಕುಡೀತಿದ್ದ?" ಆ ತಂಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ನಾನೆಲ್ಲಿ ತಪ್ಪಿದೆ?"

ಇವತ್ತು ಆ ಪ್ರಶ್ನೆಗೇ ಉತ್ತರ ಹೇಳಬೇಕೆಂದಿದ್ದೇನೆ. ಇದು ಅವಳೊಬ್ಬಳ ಪ್ರಶ್ನೆಯಲ್ಲ.

ನಮ್ಮಲ್ಲಿ ಹುಡುಗ ಕುಡಿಯಲು ಶುರು ಮಾಡಿದರೆ ಮನೆಯವರು ಮೊದಲು ಹುಡುಕುವುದು ವೈದ್ಯರನ್ನಲ್ಲ, ಹೆಣ್ಣನ್ನು. "ಮದುವೆ ಮಾಡಿದರೆ ಸರಿಹೋಗ್ತಾನೆ" ಅನ್ನುತ್ತಾರೆ. ಹೆಣ್ಣಿನ ಕಡೆಯವರಿಗೆ ಕುಡಿತದ ವಿಷಯ ಮುಚ್ಚಿಡುತ್ತಾರೆ. ವರದಕ್ಷಿಣೆಯನ್ನು ಮಾತ್ರ ಒಂದು ರೂಪಾಯಿ ಬಿಡದೆ ಎಣಿಸಿಕೊಳ್ಳುತ್ತಾರೆ. ಹೀಗೆ ಹಣ ಕೊಟ್ಟು, ಒಡವೆ ಕೊಟ್ಟು, ಜೊತೆಗೆ ಒಬ್ಬ ಕುಡುಕನನ್ನು ತಿದ್ದುವ ಕೆಲಸವನ್ನೂ ಹೊತ್ತುಕೊಂಡು ನಮ್ಮ ಹುಡುಗಿ ಗಂಡನ ಮನೆಗೆ ಹೋಗುತ್ತಾಳೆ. ಅವನು ಕುಡಿತ ಬಿಟ್ಟರೆ ಅವನ ಅದೃಷ್ಟ, ಬಿಡದಿದ್ದರೆ ಇವಳ ಕಾಲ್ಗುಣ.

ಹಾಗಾದರೆ ಈ ಕೆಲಸ ಯಾರದು? ಅದನ್ನು ತಿಳಿಯಲು ಸ್ವಲ್ಪ ದೂರ, ಅಮೆರಿಕಕ್ಕೆ ಹೋಗಿಬರಬೇಕು.

ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು, 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿದ್ದಾಗ ಕುಡಿತ ಬಿಟ್ಟ. ಆ ಮೊದಲು ಅವನನ್ನು ತಿದ್ದಲು ಹೆಂಡತಿ ಲೋಯಿಸ್ ವರ್ಷಗಟ್ಟಲೆ ಹೆಣಗಿದ್ದಳು. ಅತ್ತಳು, ಬೈದಳು, ತಾನು ದುಡಿದು ಅವನನ್ನೂ ಸಾಕಿದಳು. ಏನೂ ಆಗಲಿಲ್ಲ. ಕೊನೆಗೆ ಅವನಿಗೆ ದಾರಿ ತೋರಿದ್ದು ಎಬಿ ಥ್ಯಾಚರ್ ಎಂಬ ಅವನ ಹಳೆಯ ಕುಡಿತದ ಗೆಳೆಯ. ಆ ಗೆಳೆಯ ತಾನು ಕುಡಿತ ಬಿಟ್ಟು ಬಂದು, ಎದುರಿಗೆ ಕೂತು ತನ್ನ ಕಥೆ ಹೇಳಿದ್ದ.

1935ರ ಮೇ ತಿಂಗಳಲ್ಲಿ ಬಿಲ್ ಕೆಲಸದ ಮೇಲೆ ಓಹಿಯೋ ರಾಜ್ಯದ ಆಕ್ರನ್ ಎಂಬ ಊರಿಗೆ ಹೋದ. ಹೋದ ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬನೇ ನಿಂತಾಗ ಪಕ್ಕದ ಬಾರು ಕರೆಯಿತು. ಆಗ ಅವನಿಗೆ ಹೊಳೆದದ್ದು ಒಂದೇ: ನಾನು ಈಗ ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ದರೆ ಉಳಿಯುವುದಿಲ್ಲ. ಟೆಲಿಫೋನ್ ಮಾಡಿ ಮಾಡಿ, ಕೊನೆಗೆ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಶಸ್ತ್ರವೈದ್ಯರನ್ನು ಕಂಡ. ಅವರು ಡಾಕ್ಟರ್ ಬಾಬ್ ಸ್ಮಿತ್. 15 ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರು ಕೊನೆಯ ಸಲ ಕುಡಿದ ದಿನವೆಂದು ಹೇಳಲಾಗುವ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಂಘಟನೆಯ ಹುಟ್ಟಿದ ದಿನ ಎನ್ನುತ್ತಾರೆ. ಇಂದು ಅದರ ಸಭೆಗಳು ಬೆಂಗಳೂರಿನಲ್ಲಿ, ಕನ್ನಡದಲ್ಲೂ ನಡೆಯುತ್ತವೆ.

ಈ ಸಂಘಟನೆಯಲ್ಲಿ 'ಸ್ಪಾನ್ಸರ್' ಎಂಬ ಮಾತಿದೆ. ನಮಗೆ ಸ್ಪಾನ್ಸರ್ ಎಂದರೆ ಟಿ.ವಿ. ಧಾರಾವಾಹಿಗೆ ದುಡ್ಡು ಹಾಕುವವರು. ಇಲ್ಲಿ ಅದಲ್ಲ. ಮೊದಲೇ ಕುಡಿತ ಬಿಟ್ಟು, ಕೆಲಕಾಲ ಹಾಗೇ ಬಾಳಿರುವವನು, ಹೊಸದಾಗಿ ಬಿಟ್ಟವನ ಕೈ ಹಿಡಿಯುತ್ತಾನೆ. ಅವನೇ ಸ್ಪಾನ್ಸರ್. ಸಂಬಳವಿಲ್ಲ. ಅವನು ಡಾಕ್ಟರಲ್ಲ, ಗುರುವೂ ಅಲ್ಲ. "ಕುಡಿದ ಮೇಲೆ ಬರಬೇಡ, ಕುಡಿಯಬೇಕು ಅನ್ನಿಸಿದಾಗ ಫೋನ್ ಮಾಡು" ಅನ್ನುತ್ತಾನೆ. ಸಭೆಗೆ ಕರೆದೊಯ್ಯುತ್ತಾನೆ. ಸಂಘಟನೆಯ 12 ಹೆಜ್ಜೆಗಳನ್ನು ಜೊತೆಗೆ ಕೂತು ದಾಟಿಸುತ್ತಾನೆ. ತನ್ನ ತಪ್ಪುಗಳನ್ನು ಪಟ್ಟಿ ಮಾಡಿ ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದೂ ಆ ಹೆಜ್ಜೆಗಳಲ್ಲಿ ಸೇರಿದೆ.

ಹೆಂಡತಿಗೆ ಆಗದ್ದು ಅವನಿಗೆ ಯಾಕೆ ಆಗುತ್ತದೆ? ಹಾವಿನ ಹೆಜ್ಜೆ ಹಾವೇ ಬಲ್ಲದು ಅನ್ನುತ್ತಾರಲ್ಲ. "ಮೈಕೈ ನೋವು, ಒಂದೇ ಒಂದು ಕ್ವಾರ್ಟರ್" ಎಂದಾಗ, ಆ ಸುಳ್ಳನ್ನು ತಾನೂ ನೂರು ಸಲ ಹೇಳಿದವನಿಗೆ ಅದು ಸುಳ್ಳೆಂದು ಗೊತ್ತು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅವನು ಕುಡಿದರೆ ಸ್ಪಾನ್ಸರನ ಮನೆಯಲ್ಲಿ ಪಾತ್ರೆ ಬೀಳುವುದಿಲ್ಲ, ಸ್ಪಾನ್ಸರನ ಮಗುವಿನ ಫೀಸು ತಪ್ಪುವುದಿಲ್ಲ. ಆದ್ದರಿಂದ ಅವನು ಹೆದರದೆ ನಿಜ ಹೇಳಬಲ್ಲ. ಹೆಂಡತಿ ನಿಜ ಹೇಳಿದರೆ ಏಟು ಬೀಳುತ್ತದೆ. ಎ.ಎ.ಯಲ್ಲಿ ಸಾಮಾನ್ಯವಾಗಿ ಗಂಡಸಿಗೆ ಗಂಡಸೇ, ಹೆಂಗಸಿಗೆ ಹೆಂಗಸೇ ಸ್ಪಾನ್ಸರ್. ಕುಡಿತಕ್ಕೆ ಸಿಕ್ಕಿದ ನಮ್ಮ ಅಕ್ಕತಂಗಿಯರೂ ಇದ್ದಾರೆ, ಅವರನ್ನು ದೂರ ತಳ್ಳಬೇಡಿ.

ಸ್ಪಾನ್ಸರನ ಕೆಲಸಕ್ಕೂ ಗಡಿಯಿದೆ. ಅವನು ಸಂಸಾರದ ಪಂಚಾಯಿತಿ ಮಾಡುವವನಲ್ಲ. "ಪಾಪ, ಕಷ್ಟಪಟ್ಟು ಬಿಟ್ಟಿದ್ದಾನೆ, ನೀನೇ ಸ್ವಲ್ಪ ತಗ್ಗಿ ನಡಿ ತಂಗಿ" ಎಂದು ಯಾರಾದರೂ ಹೇಳಿದರೆ, ಅದು ಅವರ ಕೆಲಸವಲ್ಲವೆಂದು ಧೈರ್ಯವಾಗಿ ಹೇಳಿ. ನೋಯಿಸಿದವರ ಹತ್ತಿರ ಹೋಗಿ ತಪ್ಪು ಸರಿಪಡಿಸಿಕೊಳ್ಳುವುದು ಆ 12 ಹೆಜ್ಜೆಗಳಲ್ಲಿ ಒಂದು. ಆದರೆ ಅದರಿಂದ ಅವರಿಗೆ ಮತ್ತೆ ಹಾನಿಯಾಗುವಂತಿದ್ದರೆ ಹೋಗಬಾರದೆಂದು ಆ ಹೆಜ್ಜೆಯಲ್ಲೇ ಇದೆ. ಗಂಡ ಕ್ಷಮೆ ಕೇಳಬಹುದು. ಕ್ಷಮಿಸುವುದು, ಬಿಡುವುದು ನಿಮ್ಮ ಹಕ್ಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ತಿಳಿಯೋಣ. ಕುಡಿತ ಬೇರೆ, ಹೊಡೆತ ಬೇರೆ. "ಕುಡಿದಿದ್ದ, ಮೈಮೇಲೆ ಪ್ರಜ್ಞೆ ಇರಲಿಲ್ಲ" ಅನ್ನುತ್ತಾರೆ. ಅದೇ ಅಮಲಿನಲ್ಲಿ ಸಾಹುಕಾರನ ಮುಂದೆ, ಪೊಲೀಸಿನವರ ಮುಂದೆ ಕೈಕಟ್ಟಿ ನಿಲ್ಲುತ್ತಾನಲ್ಲ, ಆಗ ಪ್ರಜ್ಞೆ ಎಲ್ಲಿಂದ ಬಂತು? ಕುಡಿತ ಬಿಟ್ಟ ಮೇಲೂ ಹೊಡೆಯುವವರಿದ್ದಾರೆ. ಕುಡಿತಕ್ಕೆ ಚಿಕಿತ್ಸೆ ಇದೆ, ಹೊಡೆತಕ್ಕೆ ಕಾನೂನು ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ರಾತ್ರಿ ಹೊತ್ತಿನಲ್ಲಿ 181 ಅಥವಾ 112ಕ್ಕೆ ಫೋನ್ ಮಾಡಿ. ಅವನು ಚಿಕಿತ್ಸೆಯಲ್ಲಿದ್ದಾನೆಂದು ದೂರು ಕೊಡದೆ ಕೂರಬೇಕಿಲ್ಲ.

ಹೆಂಡತಿಯ ತಲೆಗೆ ಕಟ್ಟುವ ಎರಡು ಕೆಲಸಗಳು ಅಪಾಯದವು. ಒಂದು, ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವುದು. ಡೈಸಲ್ಫಿರಾಂ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಆಮೇಲೆ ವಿಷ ಹಾಕಿದಳೆಂಬ ಮಾತೂ ನಿಮ್ಮ ಮೇಲೇ ಬರುತ್ತದೆ. ಎರಡು, ದಿನವೂ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿ ಒಮ್ಮೆಲೇ ಬಿಡಿಸುವುದು. ಮೊದಲ ಮೂರು ನಾಲ್ಕು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದು ಆಸ್ಪತ್ರೆಯ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯದ ಬಗ್ಗೆ ಸಲಹೆ ಸಿಗುತ್ತದೆ.

"ನಮ್ಮ ಹಳ್ಳಿಯಲ್ಲಿ ಎ.ಎ. ಎಲ್ಲಿದೆ ಅಕ್ಕಾ?" ಎಂದು ನೀವು ಕೇಳಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ನಿಮ್ಮಲ್ಲಿ ಹಲವರಿಗೆ ಗೊತ್ತು. ಶಿಬಿರ ಮುಗಿಸಿದವರು ನವಜೀವನ ಸಮಿತಿಯಲ್ಲಿ ಸೇರುತ್ತಾರೆ. ಬಿಟ್ಟವನು ಬಿಟ್ಟವನಿಗೆ ಆಸರೆ ಎಂಬ ತತ್ವ ಅಲ್ಲೂ ಇದೆ. ನಿಮ್ಮ ಊರಿನಲ್ಲಿ ಕುಡಿತ ಬಿಟ್ಟ ಗಂಡಸರಿದ್ದರೆ ಸಂಘದಿಂದ ಹೋಗಿ ಹೇಳಿ: "ಇವನ ಹೊಣೆ ನಿಮ್ಮದು, ನಮ್ಮ ತಂಗಿಯದಲ್ಲ."

ನಮ್ಮ ತಂಗಿಯ ಹೊಣೆ ನಮ್ಮದು. ಗಂಡ ಕುಡಿತ ಬಿಟ್ಟ ಮೇಲೂ ತನ್ನ ನೋವು ಉಳಿದಿದೆಯೆಂದು ಕಂಡುಕೊಂಡ ಆ ಲೋಯಿಸ್, 1951ರಲ್ಲಿ ಗೆಳತಿಯ ಜೊತೆಗೂಡಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದಳು. ಅಲ್ಲಿ ಹೆಂಡತಿಗೂ ಒಬ್ಬ ಸ್ಪಾನ್ಸರ್ ಇರುತ್ತಾಳೆ, ಅದೇ ಬಾಳು ಬಾಳಿದ ಇನ್ನೊಬ್ಬ ಹೆಂಗಸು. ನಾವು ಸಂಘದಲ್ಲಿ ಅಷ್ಟನ್ನು ಮಾಡಬಲ್ಲೆವು. ಇಂಥ ಪ್ರತಿಯೊಬ್ಬ ಸದಸ್ಯೆಗೂ ಒಬ್ಬ ಜೊತೆಗಾತಿ ಇರಲಿ. ನಡುರಾತ್ರಿ ಬಾಗಿಲು ತಟ್ಟಿದರೆ ಅವಳು ತೆಗೆಯಬೇಕು. ಪಾಸ್‌ಬುಕ್, ರೇಷನ್ ಕಾರ್ಡು, ಮಕ್ಕಳ ಸರ್ಟಿಫಿಕೇಟು, ಉಳಿದಿರುವ ಒಡವೆ ಅವಳಲ್ಲಿ ಜೋಪಾನವಾಗಿರಲಿ. ಕೇಳಿದ್ದನ್ನು ಕಟ್ಟೆಯ ಮೇಲೆ ಆಡಬಾರದು. "ಹೊಂದಿಕೊಂಡು ಹೋಗು" ಅನ್ನಬಾರದು, "ಬಿಟ್ಟುಬಿಡು" ಎಂದು ಒತ್ತಾಯಿಸಲೂಬಾರದು. ನಿರ್ಧಾರ ಅವಳದು, ಜೊತೆ ನಮ್ಮದು.

ತಂಗೀ, ನೀನೆಲ್ಲಿ ತಪ್ಪಿದೆ ಎಂದು ಕೇಳಿದೆಯಲ್ಲ. ನೀನೆಲ್ಲೂ ತಪ್ಪಿಲ್ಲ. ಬಿಟ್ಟವರು ಮತ್ತೆ ಕುಡಿಯುವುದುಂಟು. ಬಿಲ್‌ಗೆ ದಾರಿ ತೋರಿದ ಆ ಎಬಿಯೇ ಮುಂದೆ ಎಷ್ಟೋ ಸಲ ಎಡವಿದ. ನಿನ್ನ ಗಂಡ ಮತ್ತೆ ಎದ್ದು ನಿಲ್ಲಬಹುದು, ನಿಲ್ಲಲಿ. ಅದಕ್ಕೆ ಅವನಂಥವರ ಕೈ ಬೇಕು. ನಿನ್ನ ಕೈ ನಿನಗೆ, ನಿನ್ನ ಮಕ್ಕಳಿಗೆ ಬೇಕು. ಇವತ್ತು ಮನೆಗೆ ಹೋಗುವ ಮುಂಚೆ ಇಲ್ಲಿರುವ ಯಾರಾದರೂ ಒಬ್ಬಳ ಫೋನ್ ನಂಬರ್ ಬರೆದುಕೊಂಡು ಹೋಗು.