ಉಳಿದ ಕೋಳಿ, ಎರಡನೆಯ ಊಟ

(ಭಿವಂಡಿಯಲ್ಲಿ ಕನ್ನಡ ಹೋಟೆಲು ಹಾಗೂ ಮಗ್ಗದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಹಿಂದಿನ ಕೂಟಗಳಲ್ಲಿ ಭವಿಷ್ಯನಿಧಿಯ ಬಗೆಗೆ, ಪಾಳಿಯ ಬಗೆಗೆ, ಗುರುತಿನ ಚೀಟಿಯ ಬಗೆಗೆ ಮಾತಾಡಿದ್ದಾಯಿತು. ಈ ಸಲ ಕೋಳಿಯ ಬಗೆಗೆ ಮಾತಾಡುತ್ತೇವೆಂದು ಕಾಗದ ಬರೆದು ಅಂಟಿಸಿದಾಗ ಕೆಲವರು ನಕ್ಕರೆಂದು ಕೇಳಿದ್ದೇವೆ. ನಗಲಿ, ತೊಂದರೆಯಿಲ್ಲ. ಊರಿಗೆ ಕಳಿಸಿ ಮಿಕ್ಕ ಹಣದಲ್ಲಿ ಹೆಚ್ಚಿನದು ಹೋಗುವುದು ಹೊಟ್ಟೆಗೆ. ಹೊಟ್ಟೆಯ ಲೆಕ್ಕ ಸಂಘದ ಲೆಕ್ಕವಲ್ಲವೆಂದು ಯಾರು ಹೇಳಿದರು?

ವಿಷಯ ಇದು. ಕೋಣೆಯವರು ವರ್ಗಣಿ ಹಾಕಿ ಕಲ್ಯಾಣ ನಾಕಾದಿಂದಲೋ ಧಾಮಣಕರ ನಾಕಾದಿಂದಲೋ ಎರಡು ಇಡೀ ತಂದೂರಿ ಕೋಳಿ ಕಟ್ಟಿಸಿಕೊಂಡು ಬರುತ್ತಾರೆ. ವರ್ಗಣಿ ಹಾಕಿದವರು ಎಂಟು ಜನ. ತಿನ್ನಲು ಕೂತವರು ನಾಲ್ಕು ಜನ. ಉಳಿದ ನಾಲ್ವರು ಪಾಳಿಯ ಮೇಲೆ. ಮಗ್ಗದ ಪಾಳಿ ಹನ್ನೆರಡು ಗಂಟೆಯದು, ಹೋಟೆಲಿನ ಪಾಳಿಗೆ ಗಂಟೆಯೇ ಇಲ್ಲ. ಅವರ ಪಾಲು ಕಾಗದದಲ್ಲಿ ಸುತ್ತಿಕೊಂಡು ತಗಡಿನ ಮಾಡಿನ ಕೆಳಗೆ, ಹಲಗೆಯ ಮೇಲೆ ಕೂತಿರುತ್ತದೆ. ಬೆಳಿಗ್ಗೆ ಬಂದವನು ಒಣಗಿ ತೊಗಲಿನಂತಾದ ಆ ತುಂಡನ್ನು ಹಸಿವಿಗೆ ತಿನ್ನುತ್ತಾನೆ, ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾನೆ. ಕೆಲವೊಮ್ಮೆ ಯಾರೂ ತಿನ್ನುವುದಿಲ್ಲ, ಬೀದಿಯ ನಾಯಿಗೆ ಹೋಗುತ್ತದೆ. ದುಡ್ಡು ಕೊಟ್ಟವನಿಗೆ ಊಟವಿಲ್ಲ. ಇದಕ್ಕೊಂದು ದಾರಿ ಮಾಡಬೇಕು.

ಮೊದಲು ಒಂದು ಮಾತನ್ನು ಬಿಡಿಸಿ ಹೇಳಬೇಕು. ಉಳಿದದ್ದು ಬೇರೆ, ಎಂಜಲು ಬೇರೆ, ಹಳಸಿದ್ದು ಬೇರೆ. ಧಣಿಗಳಲ್ಲಿ ಕೆಲವರು ಈ ಮೂರನ್ನೂ ಒಂದೇ ಪಾತ್ರೆಗೆ ಸುರಿದು ‘ಹುಡುಗರ ಊಟ’ ಎಂದು ಹೆಸರಿಡುತ್ತಾರೆ. ನಾವು ಹದಿನೇಳರ ವಯಸ್ಸಿನಲ್ಲಿ ಮಾಣಿಯಾಗಿ ದುಡಿದ ಒಂದು ಹೋಟೆಲಿನಲ್ಲಿ (ಹೆಸರು ಇಲ್ಲಿ ಬೇಡ) ಸಂಜೆ ಏಳಕ್ಕೆ ಸುಟ್ಟ ಕೋಳಿ ರಾತ್ರಿ ಒಂದರವರೆಗೆ ಕಂಬಿಗೆ ನೇತಾಡುತ್ತಿತ್ತು. ಮಾರದೆ ಉಳಿದದ್ದನ್ನು ಮಾರನೆಯ ಮಧ್ಯಾಹ್ನ ಮಸಾಲೆಗೆ ಹಾಕಿ ಕುದಿಸಿ ನಮಗೆ ಬಡಿಸುತ್ತಿದ್ದರು. ಒಂದು ಮೇ ತಿಂಗಳಲ್ಲಿ ಐವರು ಹುಡುಗರು ಒಂದೇ ದಿನ ವಾಂತಿ ಭೇದಿಯಿಂದ ಮಲಗಿದರು. ಮೂರು ದಿನದ ಸಂಬಳ ಕಡಿದರು. ಅಡಿಗೆಯವನು ‘ಚೆನ್ನಾಗಿ ಕುದಿಸಿಯೇ ಕೊಟ್ಟಿದ್ದೆ’ ಎಂದು ಆಣೆ ಹಾಕಿದ. ಅವನು ಹೇಳಿದ್ದು ಸುಳ್ಳಲ್ಲ.

ಇದನ್ನು ತಾವು ಗಮನವಿಟ್ಟು ಕೇಳಬೇಕು. ಬೇಯಿಸಿದ ಮಾಂಸ ಸೆಕೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಕುದಿಸಿದರೆ ಜೀವಿಗಳು ಸಾಯುತ್ತವೆ, ಸರಿ. ಆದರೆ ಸ್ಟೆಫಿಲೊಕಾಕಸ್ ಎಂಬ ಒಂದು ಜಾತಿ ಇದೆ. ನಮ್ಮ ಮೂಗಿನಲ್ಲಿ, ಕೈಯ ಗಾಯದಲ್ಲಿ, ಕುರುವಿನಲ್ಲಿ ಇರುವಂಥದು. ಅದು ಬೆಳೆಯುವಾಗ ಮಾಂಸದಲ್ಲಿ ಒಂದು ವಿಷವನ್ನು ಬಿಟ್ಟಿರುತ್ತದೆ. ಆ ವಿಷ ಕುದಿತಕ್ಕೆ ಬಗ್ಗುವುದಿಲ್ಲ. ವಾಸನೆ ಬರುವುದಿಲ್ಲ, ರುಚಿ ಕೆಡುವುದಿಲ್ಲ. ಆದುದರಿಂದ ‘ಮೂಸಿ ನೋಡಿದೆವು, ಕುದಿಸಿದೆವು, ಇನ್ನೇನು ಭಯ’ ಎಂಬ ಮಾತು ನಡೆಯದು. ಐದು ಡಿಗ್ರಿಗಿಂತ ತಣ್ಣಗೆ ಅಥವಾ ಅರವತ್ತು ಡಿಗ್ರಿಗಿಂತ ಬಿಸಿಯಾಗಿ ಇಟ್ಟರೆ ಸರಿ. ನಡುವೆ ಬಿಟ್ಟರೆ ಎರಡು ಗಂಟೆ ಗಡುವು. ಸೆಕೆ ೩೨ ಡಿಗ್ರಿ ದಾಟಿದ ದಿನ ಒಂದೇ ಗಂಟೆ. ನಮ್ಮ ತಗಡಿನ ಮಾಡಿನ ಕೆಳಗೆ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಗಂಟೆ ಎಂದೇ ಹಿಡಿಯಿರಿ.

ಹಾಗಾದರೆ ಉಳಿದದ್ದನ್ನು ಮತ್ತೆ ಅಡಿಗೆ ಮಾಡುವುದೇ ತಪ್ಪೇ? ಅಲ್ಲ. ಉಡುಪಿ ಹೋಟೆಲಿನಲ್ಲಿ ದುಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಉಳಿದ ಇಡ್ಲಿಯನ್ನು ಪುಡಿಮಾಡಿ ಒಗ್ಗರಣೆ ಹಾಕಿದರೆ ಉಪ್ಪಿಟ್ಟು, ಕತ್ತರಿಸಿ ಕರಿದರೆ ಇನ್ನೊಂದು ತಿಂಡಿ. ಕೋಳಿಯ ವಿಷಯದಲ್ಲಿ ಇನ್ನೂ ದೊಡ್ಡ ಸಂಗತಿಯಿದೆ. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಮುರ್ಗ್ ಮಖನಿ, ಅಂದರೆ ಬಟರ್ ಚಿಕನ್, ಎಂದು ಬಡಿಸುತ್ತಾರಲ್ಲ, ಅದು ಹುಟ್ಟಿದ್ದೇ ಉಳಿದ ತಂದೂರಿ ಕೋಳಿಯಿಂದ ಎನ್ನುತ್ತಾರೆ. ದೇಶ ಒಡೆದಾಗ ಪೇಶಾವರದಿಂದ ನಿರಾಶ್ರಿತರಾಗಿ ಬಂದವರು ೧೯೪೭ರಲ್ಲಿ ದಿಲ್ಲಿಯ ದರಿಯಾಗಂಜಿನಲ್ಲಿ ಮೋತಿ ಮಹಲ್ ಎಂಬ ಹೋಟೆಲು ತೆರೆದರು. ಮಾರದೆ ಉಳಿದ ಕೋಳಿ ಒಣಗಿ ಹೋಗುತ್ತದೆಂದು ಅದನ್ನು ಟೊಮೆಟೊ, ಬೆಣ್ಣೆ, ಕೆನೆಯ ಗೊಜ್ಜಿನಲ್ಲಿ ಅದ್ದಿದರಂತೆ. ಅದನ್ನು ಮೊದಲು ಮಾಡಿದವರು ಕುಂದನ್ ಲಾಲ್ ಗುಜ್ರಾಲರೋ ಕುಂದನ್ ಲಾಲ್ ಜಗ್ಗಿಯವರೋ ಎಂದು ಅವರ ಮನೆತನಗಳವರ ನಡುವೆ ವ್ಯಾಜ್ಯ ಹುಟ್ಟಿ, ೨೦೨೪ರ ಜನವರಿಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂತು. ನೋಡಿದಿರಾ! ನಾವು ನಾಚಿಕೊಂಡು ಕಾಗದದಲ್ಲಿ ಸುತ್ತಿಡುವ ವಸ್ತುವಿಗೆ ಅಲ್ಲಿ ವಕೀಲರು ನಿಂತಿದ್ದಾರೆ.

ಈಗ ನಮ್ಮ ಕೋಣೆಯ ಮಾತಿಗೆ ಬರೋಣ. ಮುಖ್ಯವಾದದ್ದು ಎರಡೇ: ತರುವ ಹೊತ್ತು, ಎತ್ತಿಡುವ ಹೊತ್ತು.

ಪಾಳಿ ಬದಲಾಗುವ ಹೊತ್ತಿಗೆ ಕೋಳಿ ತನ್ನಿ. ರಾತ್ರಿ ಪಾಳಿಯವರು ಎಂಟಕ್ಕೆ ಹೊರಡುವುದಾದರೆ ಏಳಕ್ಕೆ ಕೋಳಿ ಕೋಣೆಯಲ್ಲಿರಲಿ. ಅವರು ಸುಟ್ಟ ಕೋಳಿಯನ್ನು ಸುಟ್ಟಂತೆಯೇ ಬಿಸಿಯಾಗಿ ತಿಂದು ಹೊರಡಲಿ. ಹಗಲು ಪಾಳಿಯವರು ಎಂಟೂವರೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವರ ಪಾಲು ಎರಡನೆಯ ಅಡಿಗೆಯಾಗಿ ಒಲೆಯ ಮೇಲೆ ಹೊಗೆಯಾಡುತ್ತಿರಲಿ. ಫ್ರಿಜ್ಜಿಲ್ಲದ ಕೋಣೆಗೂ ಇದು ಸಾಧ್ಯ; ರಾತ್ರಿಯಿಡೀ ಏನನ್ನೂ ಇಡಬೇಕಾಗಿಲ್ಲ.

ಎತ್ತಿಡುವುದು ಯಾವಾಗ? ಎಲ್ಲರೂ ತಿಂದ ಮೇಲಲ್ಲ, ಯಾರೂ ಕೂರುವ ಮೊದಲು. ನಮ್ಮೂರಿನಲ್ಲಿ ಗದ್ದೆಯಿಂದ ತಡವಾಗಿ ಬರುವವನ ಪಾಲನ್ನು ತಾಯಿ ಮೊದಲೇ ಎತ್ತಿಟ್ಟು ಮುಚ್ಚುತ್ತಾಳೆ. ಉಂಡವರ ಬಟ್ಟಲಿನಿಂದ ತೆಗೆದು ಕೊಡುವುದಿಲ್ಲ. ಸಾಬೂನಿನಿಂದ ಕೈ ತೊಳೆದು, ಅರ್ಧ ಕೋಳಿಯನ್ನು ಬೇರೆ ಪಾತ್ರೆಗೆ ತೆಗೆಯಿರಿ. ಬೆರಳಿಗೆ ಗಾಯವಾಗಿರುವವನು ಅಂದು ಈ ಕೆಲಸಕ್ಕೆ ಬೇಡ. ಹೀಗೆ ತೆಗೆದದ್ದು ಎಂಜಲಲ್ಲ, ಪಾಲು. ಹಗಲು ಪಾಳಿಯವನಿಗೂ ಅದು ಗೊತ್ತಿರಬೇಕು, ಆಗ ಅವನು ತಲೆಯೆತ್ತಿ ಉಣ್ಣುತ್ತಾನೆ. ಕಚ್ಚಿದ ಎಲುಬು ನೇರ ಕಸಕ್ಕೆ.

ಎತ್ತಿಟ್ಟ ಕೋಳಿಯ ಮಾಂಸವನ್ನು ಬಿಡಿಸಿ ಬೆರಳುದ್ದ ತುಂಡು ಮಾಡಿ. ಎಲುಬನ್ನು ಚೆಲ್ಲಬೇಡಿ. ಕೋಳಿಯ ತೂಕದಲ್ಲಿ ಒಳ್ಳೆಯ ಪಾಲು ಎಲುಬಿನದೇ. ಅದಕ್ಕೂ ನಾವು ದುಡ್ಡು ಕೊಟ್ಟಿದ್ದೇವೆ. ಕರಿದಾಗಿ ಸೀದ ಭಾಗವನ್ನು ಕೆರೆದು ತೆಗೆದು (ಬಿಟ್ಟರೆ ಸಾರು ಕಹಿಯಾಗುತ್ತದೆ) ಎಲುಬನ್ನು ಜಜ್ಜಿ, ಆರು ಲೋಟ ನೀರು, ಒಂದು ನೀರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಹತ್ತು ಕಾಳು ಮೆಣಸು ಹಾಕಿ ಮುಕ್ಕಾಲು ಗಂಟೆ ಕುದಿಸಿ. ಕುಕ್ಕರಿದ್ದರೆ ಗ್ಯಾಸೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಸೋಸಿ ಒಗ್ಗರಣೆ ಕೊಟ್ಟರೆ ನಾಲ್ಕು ಜನಕ್ಕೆ ಸಾರಾಯಿತು. ಹನ್ನೆರಡು ಗಂಟೆ ಹತ್ತಿಯ ಧೂಳು ಕುಡಿದ ಗಂಟಲಿಗೆ ಇದಕ್ಕಿಂತ ಹಿತವಾದದ್ದನ್ನು ನಾವು ಕಂಡಿಲ್ಲ.

ಮಾಂಸಕ್ಕೆ ನಮ್ಮ ಕರಾವಳಿಯವರ ಸುಕ್ಕವೇ ಸರಿ ಎಂದು ನಮ್ಮ ಅಭಿಪ್ರಾಯ. ಬಯಲುಸೀಮೆಯವರು ಜಗಳಕ್ಕೆ ಬರಬಾರದು, ನಿಮ್ಮ ಸರದಿಯೂ ಇದೆ. ಆರೇಳು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳು ಮೆಂತೆ ಹುರಿದು, ಅರ್ಧ ತೆಂಗಿನಕಾಯಿಯ ತುರಿ, ಬೆಳ್ಳುಳ್ಳಿ, ಅರಸಿನದೊಂದಿಗೆ ತರಿತರಿಯಾಗಿ ಅರೆಯಿರಿ. ನೀರುಳ್ಳಿ, ಕರಿಬೇವನ್ನು ತೆಂಗಿನೆಣ್ಣೆಯಲ್ಲಿ ಬಾಡಿಸಿ ಮಸಾಲೆ ಹಾಕಿ, ಎಲುಬಿನ ಸಾರಿನಿಂದಲೇ ಒಂದು ಲೋಟ ಹೊಯ್ದು ಹಸಿವಾಸನೆ ಹೋಗುವ ತನಕ ಬೇಯಿಸಿ. ಮಾಂಸ ಹಾಕುವುದು ಎಲ್ಲಕ್ಕೂ ಕೊನೆಗೆ. ಹಸಿ ಕೋಳಿಯಂತೆ ಮೊದಲೇ ಹಾಕಿ ಅರ್ಧ ಗಂಟೆ ಬೇಯಿಸಿದರೆ ಎದೆಯ ಮಾಂಸ ನಾರಾಗುತ್ತದೆ. ಅದು ಒಮ್ಮೆ ಬೆಂದಿದೆ. ಒಳಗಿನವರೆಗೂ ಹೊಗೆಯಾಡುವಷ್ಟು ಕಾಯ್ದು ಮಸಾಲೆ ಹಿಡಿದರೆ ಸಾಕು, ಐದಾರು ನಿಮಿಷ. ಉಪ್ಪು, ಹುಳಿಯ ಬಗೆಗೆ ಎಚ್ಚರ. ತಂದೂರಿಯವನು ಆಗಲೇ ಉಪ್ಪು, ಮೊಸರು, ಲಿಂಬೆ, ಖಾರ ಎಲ್ಲ ಹಚ್ಚಿದ್ದಾನೆ. ಹುಣಸೆ ಅರ್ಧ ಮಾಡಿ, ಉಪ್ಪನ್ನು ರುಚಿ ನೋಡಿಯೇ ಹಾಕಿ.

ಇದನ್ನೇ ನೀರಾಗಿ ಮಾಡಿದರೆ ಗಸಿ. ಮಂಗಳೂರಿನ ಒಣ ರೊಟ್ಟಿ ಮುಂಬಯಿಯಲ್ಲಿ ನಮ್ಮವರ ಅಂಗಡಿಗಳಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಬಟ್ಟಲಲ್ಲಿ ಮುರಿದು ಮೇಲೆ ಗಸಿ ಹೊಯ್ದರೆ ಕೋರಿ ರೊಟ್ಟಿ. ಒಂದು ಕೋಳಿಯ ಅರ್ಧದಲ್ಲಿ ನಾಲ್ಕು ಜನರ ಹೊಟ್ಟೆ ತುಂಬುವುದು ಹೀಗೆಯೇ: ತುಂಬಿಸುವುದು ರೊಟ್ಟಿ ಮತ್ತು ಗಸಿ, ರುಚಿ ಕೊಡುವುದು ಕೋಳಿ.

ವಿಜಾಪುರ, ಕಲಬುರಗಿ ಕಡೆಯ ಅಣ್ಣಂದಿರ ಕೋಣೆಯಲ್ಲಿ ಮಿಕ್ಸಿ ಇಲ್ಲ, ತೆಂಗಿನಕಾಯಿ ಕೊಳ್ಳುವುದೂ ದುಬಾರಿ. ಅವರು ಹುರಿದ ಶೇಂಗಾ, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರದ ಪುಡಿಯನ್ನು ಕುಟ್ಟಿ, ಉಳ್ಳಾಗಡ್ಡಿಯ ಒಗ್ಗರಣೆಗೆ ಹಾಕಿ, ಎಲುಬಿನ ಸಾರು ಬೆರೆಸಿ ಮಾಂಸ ಹಾಕುತ್ತಾರೆ. ಜೋಳದ ರೊಟ್ಟಿಗೆ ಅದು ಹೇಗೆ ಹೊಂದುತ್ತದೆಂದರೆ, ನಮ್ಮ ಕರಾವಳಿಯವರು ಆ ಕೋಣೆಗೆ ಪಾತ್ರೆ ಹಿಡಿದುಕೊಂಡು ಹೋದದ್ದನ್ನು ನೋಡಿದ್ದೇವೆ.

ಸಾರು ಕೆಂಪು ಬಣ್ಣ ಬಿಟ್ಟರೆ ಒಂದು ಕ್ಷಣ ಯೋಚಿಸಿ. ಮೆಣಸಿನ ಬಣ್ಣ ಎಣ್ಣೆಯ ಮೇಲೆ ತೇಲುತ್ತದೆ. ನೀರೇ ಕೆಂಪಾಗಿ, ತೊಳೆದರೂ ಬೆರಳು ಕೆಂಪಾಗಿಯೇ ಉಳಿದರೆ ಕೃತಕ ಬಣ್ಣ ಹಾಕಿರಬಹುದೆಂದು ಸಂಶಯಪಡಬೇಕು. ಕರ್ನಾಟಕ ಸರಕಾರ ೨೦೨೪ರ ಜೂನಿನಲ್ಲಿ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅಂಥ ಅಂಗಡಿಯನ್ನು ಬಿಟ್ಟು ಬೇರೆ ಅಂಗಡಿಗೆ ಹೋಗಿ. ಗಿರಾಕಿಗಳು ನಾವೇ ಅಲ್ಲವೇ?

ಹೋಟೆಲಿನ ತಮ್ಮಂದಿರ ಪ್ರಶ್ನೆ ಬೇರೆ. ಅವರು ಕೋಣೆಗೆ ಬರುವುದು ರಾತ್ರಿ ಒಂದಕ್ಕೆ. ಏಳರ ಕೋಳಿಯನ್ನು ಒಂದರವರೆಗೆ ಇಡುವುದಕ್ಕೆ ಫ್ರಿಜ್ಜಿಲ್ಲದೆ ಬೇರೆ ದಾರಿಯಿಲ್ಲ. ಎರಡು ಮೂರು ಕೋಣೆಯವರು ಕೂಡಿ ಹಳೆಯದೊಂದು ಸಣ್ಣ ಫ್ರಿಜ್ಜು ಕೊಳ್ಳಬೇಕೆಂದು ನಮ್ಮ ಸೂಚನೆ. ಕೋಳಿಯನ್ನು ಅಗಲವಾದ ಪಾತ್ರೆಯಲ್ಲಿ ಹರಡಿ ಮುಚ್ಚಿಡಿ. ಆಳವಾದ ಡಬ್ಬಿಯಲ್ಲಿ ತುಂಬಿದರೆ ನಡುಭಾಗ ತಣಿಯಲು ಬಹಳ ಹೊತ್ತು ಬೇಕು. ಮೂರು ದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ತೆಗೆದು ಒಮ್ಮೆ ಮಾತ್ರ ಬಿಸಿಮಾಡಿ. ಕರೆಂಟು ಹೋದರೆ ಬಾಗಿಲು ತೆರೆದು ಇಣುಕಬೇಡಿ. ಮುಚ್ಚಿದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪನ್ನು ಹಿಡಿದಿಡುತ್ತದೆ.

ಭಿಸ್ಸಿಯಲ್ಲಿ ಉಣ್ಣುವವರಿಗೆ ಇಷ್ಟೇ ಹೇಳುತ್ತೇವೆ: ಅಲ್ಲಿನ ತಾಯಂದಿರ ಮೇಲೆ ಕೂಗಾಡಬೇಡಿ. ಅಷ್ಟು ಜನಕ್ಕೆ ಎರಡು ಹೊತ್ತು ಬೇಯಿಸುವುದು ಹೊಲಿಗೆಯ ಕೆಲಸಕ್ಕಿಂತ ಹಗುರವಲ್ಲ. ಮುಂಬಯಿಯ ಗಿರಣಗಾಂವಿನಲ್ಲಿ ಗಿರಣಿಯವರಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಕೂಡಿಸಿ ಪ್ರೇಮಾ ಪುರವ್ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಅವರೂ ಕಾರ್ಮಿಕರೇ ಎಂಬ ತಿಳಿವಳಿಕೆ ನಮ್ಮಲ್ಲಿ ಹಲವರಿಗೆ ಇನ್ನೂ ಬಂದಿಲ್ಲ.

ಧಣಿಗಳ ವಿಷಯಕ್ಕೆ ಸಂಘ ಒಂದು ಬೇಡಿಕೆಯ ಪತ್ರ ಸಿದ್ಧಪಡಿಸಿದೆ. ಹುಡುಗರ ಊಟದ ಅನ್ನ ಪದಾರ್ಥ ಅಂದಂದೇ ಆಗಬೇಕು. ಗಿರಾಕಿಯ ಮೇಜಿನಿಂದ ಮರಳಿದ್ದು ಯಾರ ಬಟ್ಟಲಿಗೂ ಬರಕೂಡದು. ಮಾರದೆ ಉಳಿದ ಕೋಳಿಯನ್ನು ಹುಡುಗರಿಗೆ ಕೊಡುವುದಾದರೆ ಅದು ಹೊರಗೆ ನೇತುಬಿದ್ದದ್ದಾಗಿರದೆ, ಹೊತ್ತಿಗೆ ಸರಿಯಾಗಿ ತಂಪಿನಲ್ಲಿಟ್ಟದ್ದಾಗಿರಬೇಕು, ಮತ್ತು ಅದನ್ನು ಸಂಬಳದ ಲೆಕ್ಕಕ್ಕೆ ಹಿಡಿಯಕೂಡದು. ಹೋಟೆಲಿನ ಊಟದಿಂದ ಕಾಯಿಲೆ ಬಿದ್ದವನ ದಿನಗೂಲಿ ಕಡಿಯಕೂಡದು. ಓದುಬರಹ ಬಲ್ಲವರು ಉಳಿದವರಿಗೆ ಓದಿ ಹೇಳಿ, ಆಮೇಲೆ ರುಜು ಹಾಕಿಸಿ. ಓದದೆ ಹಾಕಿದ ರುಜು ನಮಗೆ ಬೇಡ.

ಪತ್ರ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಫ್ರಿಜ್ಜಿನ ವರ್ಗಣಿಗೆ ಸೇರುವ ಕೋಣೆಯವರು ಪಕ್ಕದ ಪುಸ್ತಕದಲ್ಲಿ ಕೋಣೆಯ ಗುರುತು, ಎಷ್ಟು ಜನ, ಯಾರು ಯಾವ ಪಾಳಿ ಎಂದು ಬರೆಯಿರಿ. ಮುಂದಿನ ಕೂಟದ ದಿನ ಅಡಿಗೆ ಇಲ್ಲಿಯೇ ಮಾಡಿ ತೋರಿಸುತ್ತೇವೆ. ಬರುವಾಗ ಕೋಣೆಗೊಂದು ತೆಂಗಿನಕಾಯಿಯೋ ಪಾವು ಶೇಂಗಾವೋ ತನ್ನಿ. ಕೋಳಿ ಸಂಘದ್ದು.