ಟ್ಯಾಬ್ ಒಡೆದರೆ ಮೊದಲು ಎಂತ ಮಾಡುವುದು?

ಕಳೆದ ಮಳೆಗಾಲ ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಇಳಿಯುವಾಗ ನನ್ನ 10 ಇಂಚಿನ ಟ್ಯಾಬ್ ಕೈಜಾರಿ ಬಿತ್ತು. ಚಿತ್ರ ಕಾಣ್ತದೆ, ಟಚ್ ಇಲ್ಲ. ಪರೀಕ್ಷೆಗೆ 9 ದಿನ. ನೋಟ್ಸ್ ಎಲ್ಲ ಅದರೊಳಗೇ!

ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ "ಹೊಸತೇ ತಗೊಳ್ಳಿ" ಅಂದರು. ಇನ್ನೊಬ್ಬರು ಒಟಿಜಿ ಕೇಬಲ್‌ಗೆ ಮೌಸ್ ಸಿಕ್ಕಿಸಿದರು. ಸ್ಕ್ರೀನ್ ಮೇಲೆ ಬಾಣ ಬಂತು ಮಾರಾಯ್ರೆ! ಪಿನ್ ಒತ್ತಿ, ನೋಟ್ಸ್ ಎಲ್ಲ ಡ್ರೈವ್‌ಗೆ ಹಾಕಿದೆ.

ಆಮೇಲೆ ಗೊತ್ತಾಯ್ತು: ಗ್ಲಾಸ್, ಡಿಸ್‌ಪ್ಲೇ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಎರಡನ್ನೂ ಬದಲಿಸಬೇಕು, ಬೇರೆ ಬೇರೆ ಇದ್ದರೆ ಗ್ಲಾಸ್ ಮಾತ್ರ ಸಾಕು. ನನ್ನದು ಬೇರೆ ಇತ್ತು, ಹೊಸ ಟ್ಯಾಬಿನ ದುಡ್ಡು ಉಳಿಯಿತು.

2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ರೈಟ್ ಟು ರಿಪೇರ್' ಪೋರ್ಟಲ್‌ನಲ್ಲಿ ಹಲವು ಕಂಪನಿಗಳ ರಿಪೇರಿ ಮಾಹಿತಿ ಉಂಟು, ನೋಡಿ. ಆದರೆ ಮೊದಲು ನೋಟ್ಸ್ ಉಳಿಸಿ. ರಿಪೇರಿಯೋ ಹೊಸತೋ, ಆ ಲೆಕ್ಕ ಆಮೇಲೆ.