ಕಂಡ ಮೇಲೆ ಎಲ್ಲವೂ ಸುಲಭ: ಇಂಧನ ಕೋಶದ ನೀರು ಮತ್ತು ಪೇಟೆಂಟ್ ತಕರಾರು



ಹೊಸ ಉಪಾಯವೊಂದು ಪೇಟೆಂಟ್ ಕಚೇರಿಯ ಮೆಟ್ಟಿಲು ಹತ್ತಿದರೆ ಎದುರಾಳಿ ತೆಗೆಯುವ ತಕರಾರು, "ಇದರಲ್ಲೇನಿದೆ, ಯಾರಿಗಾದರೂ ಹೊಳೆಯುತ್ತಿತ್ತು" ಎಂಬುದು. 1970ರ ನಮ್ಮ ಪೇಟೆಂಟ್ ಕಾಯ್ದೆ "ಯಾರಿಗಾದರೂ" ಎಂಬ ಮಾತನ್ನು ಒಪ್ಪುವುದಿಲ್ಲ. ಆ ಕಸುಬಿನಲ್ಲಿ ನುರಿತವನಿಗೆ ಹೊಳೆಯುತ್ತಿತ್ತೇ ಎಂದು ಕೇಳುತ್ತದೆ. ಹಾಗಾದರೆ ಆ ನುರಿತವನು ಯಾರು?

ಇಂಧನ ಕೋಶವನ್ನೇ ನೋಡಿ. ಜಲಜನಕವೂ ಗಾಳಿಯ ಆಮ್ಲಜನಕವೂ ಸೇರಿ ಕರೆಂಟು ಕೊಡುತ್ತವೆ, ಜೊತೆಗೆ ನೀರು ಹುಟ್ಟುತ್ತದೆ. ನಡುವಿನ ಪಾಲಿಮರ್ ಪೊರೆ ಒಣಗಿದರೆ ಪ್ರೋಟಾನು ದಾಟುವುದು ಕಷ್ಟ. ನೀರು ಹೆಚ್ಚಾದರೆ ಅನಿಲದ ದಾರಿ ಕಟ್ಟುತ್ತದೆ. ಆ ದಾರಿಯೆಂದರೆ ಕೋಶದ ತಟ್ಟೆಯಲ್ಲಿ ಕೊರೆದ, ಸುಮಾರು ಒಂದು ಮಿಲಿಮೀಟರ್ ಅಗಲದ ಕಾಲುವೆ.

ನಮ್ಮ ನಂಜನಗೂಡು ಸೀಮೆಯ ಹುಲ್ಲಹಳ್ಳಿ ನಾಲೆಯಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗೆ ಕಾಲುವೆಯ ಸ್ವಭಾವ ಚೆನ್ನಾಗಿ ಗೊತ್ತು: ತೂಬಿನ ಬಳಿಯ ಗದ್ದೆಗೆ ನೀರು ಹೆಚ್ಚು, ಕೊನೆ ಭಾಗಕ್ಕೆ ಬರ. ಇಂಧನ ಕೋಶದಲ್ಲಿ ಈ ಲೆಕ್ಕ ತಲೆಕೆಳಗು. ಒಣ ಗಾಳಿ ನುಗ್ಗುವ ಬಾಯಲ್ಲಿ ಪೊರೆ ಒಣಗುತ್ತದೆ; ದಾರಿಯುದ್ದಕ್ಕೂ ಹುಟ್ಟಿದ ನೀರು ಕೊನೆಯಲ್ಲಿ ನಿಲ್ಲುತ್ತದೆ. ಕಾಲುವೆ ಬಲ್ಲವರೆಲ್ಲ ಈ ಕಸುಬಿನಲ್ಲಿ ನುರಿತವರಲ್ಲ.

ಅಕ್ಕಪಕ್ಕ ಹಲವು ನೇರ ಕಾಲುವೆಗಳಿದ್ದು ಒಂದರಲ್ಲಿ ಹನಿ ಸಿಕ್ಕಿಕೊಂಡರೆ ಅನಿಲ ಪಕ್ಕದ ಕಾಲುವೆಗೆ ಸರಿಯುತ್ತದೆ, ಹನಿ ಅಲ್ಲೇ ಕೂರುತ್ತದೆ. ಹಾವಿನಂತೆ ಸುತ್ತುವ ಒಂದೇ ಕಾಲುವೆಯಾದರೆ ಅನಿಲಕ್ಕೆ ಬೇರೆ ದಾರಿಯಿಲ್ಲ, ಹನಿಯನ್ನು ದೂಡಲೇಬೇಕು. ಈ ಬಗೆಯ ತಟ್ಟೆಗೆ 1991ರಲ್ಲಿ ಕೆನಡಾದ ಸಂಶೋಧಕರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಅಷ್ಟು ಉದ್ದದ ದಾರಿಯಲ್ಲಿ ಗಾಳಿ ನೂಕಲು ಹೆಚ್ಚು ಶಕ್ತಿ ಬೇಕು; ಆ ನಷ್ಟ ತಗ್ಗಿಸಲು ಇನ್ನಷ್ಟು ವಿನ್ಯಾಸಗಳು ಬಂದವು. ಚಿತ್ರ ನೋಡಿದ ಮೇಲೆ ಪ್ರತಿಯೊಂದೂ ಸುಲಭವೆನಿಸುತ್ತದೆ. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಪೇಟೆಂಟ್ ಮೊಕದ್ದಮೆ ವಾದಿಸುವ ವಕೀಲರಿಗೆ ಪಾಠವಾಗಬೇಕು.

ಹಾಗೆಂದು ಪ್ರತಿ ತಿದ್ದುಪಡಿಗೂ ಏಕಸ್ವಾಮ್ಯ ಕೊಡಲಾಗದು. ಮಿರ್ಜಾಪುರದ ಪಾತ್ರೆ ತಯಾರಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಇದನ್ನೇ ಹೇಳಿತು. ಒಂದು ಪಕ್ಷದವರು ಲೇತಿನಲ್ಲಿ ತಿರುಗುವ ಪಾತ್ರೆ ಹಾರಿಹೋಗದಂತೆ ಇನ್ನೊಂದು ತುದಿಯಿಂದ ಒತ್ತಿ ಹಿಡಿಯುವ ವ್ಯವಸ್ಥೆಗೆ ಪೇಟೆಂಟ್ ಪಡೆದಿದ್ದರು. ಹಾಗೆ ಒತ್ತಿ ಹಿಡಿಯುವ ಭಾಗ ಲೇತಿಗೆ ಹೊಸದಲ್ಲ. ಇದು ಕಾರ್ಖಾನೆಯಲ್ಲಿ ಸಹಜವಾಗಿ ಆಗುವ ಸುಧಾರಣೆ ಎಂದ ನ್ಯಾಯಾಲಯ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ.

ಹೀಗಾಗಿ ನನ್ನ ನಿಲುವು ಇಷ್ಟು. "ಸುಲಭ" ಎನ್ನುವವರು ಅರ್ಜಿಯ ದಿನಕ್ಕೆ ಮುಂಚೆ ಯಾವ ಬರಹ, ಯಾವ ಯಂತ್ರ ಈ ಹೆಜ್ಜೆಯತ್ತ ಕೈ ತೋರಿಸಿತ್ತು ಎಂಬುದನ್ನು ಹಾಜರುಪಡಿಸಲಿ. "ಹೊಸದು" ಎನ್ನುವವರು ಸೋತ ಪ್ರಯೋಗಗಳನ್ನೂ ತಾರೀಖು ಸಮೇತ ಬರೆದಿಡಲಿ. ನುರಿತವರೂ ಎಲ್ಲಿ ಎಡವಿದರು ಎಂಬುದಕ್ಕೆ ಅದೇ ಸಾಕ್ಷಿ.

ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಮಂಜೂರಾಗುವ ಮುನ್ನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಲು ಕಾಯ್ದೆಯ 25ನೇ ಕಲಂ ಅವಕಾಶ ಕೊಟ್ಟಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಎಂಜಿನಿಯರುಗಳೂ, ನಮ್ಮ ಕಾಲೇಜುಗಳ ಅಧ್ಯಾಪಕರೂ ಪ್ರಕಟವಾಗುವ ಅರ್ಜಿಗಳನ್ನು ಓದುವ ರೂಢಿ ಮಾಡಿಕೊಳ್ಳಬೇಕೆಂದು ಕೋರುತ್ತೇನೆ.